ಹೊಟ್ಟು ಹೋದ ಮೇಲೆ

ವಿಜಯಶ್ರೀಯ ಗಂಟಲು ಕೈಕೊಟ್ಟದ್ದು ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಹಾಡಿನ ನಟ್ಟನಡುವೆ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಅದು ಅವಳ ಮೊದಲ ಆಲ್ಬಂನ ಹಾಡು, 'ನೀರ ಹೆಸರು'. ಕೊನೆಯಲ್ಲಿ ಗಿಟಾರು, ಡ್ರಮ್ಮು ಎಲ್ಲ ಒಟ್ಟಿಗೆ ಮೊರೆಯುವಾಗ ಅವಳು ಹೊಟ್ಟೆಯ ತಳದಿಂದ ಒಂದು ಕೂಗು ಎತ್ತಬೇಕು. ಆ ಕೂಗು ಕೇಳಲೆಂದೇ ಹುಡುಗರು ರಾಯಚೂರು, ಕೊಪ್ಪಳದಿಂದ ಬೈಕು ಓಡಿಸಿಕೊಂಡು ಬರುತ್ತಿದ್ದರು. ಆವತ್ತು ಅವಳು ಬಾಯಿ ತೆರೆದಳು. ಕುತ್ತಿಗೆಯ ನರಗಳು ಉಬ್ಬಿದವು. ದನಿ ಮಾತ್ರ ಹೊರಡಲಿಲ್ಲ. ಹಿಂದೆ ಕೂತಿದ್ದ ಜಾಹೀದ್ ಡ್ರಮ್ ನಿಲ್ಲಿಸಿ ಎದ್ದು ನಿಂತ. ಬಾಯಿ ತೆರೆದು ನಿಂತ ಹುಡುಗಿ, ತುಂಬಿದ ಮಂಟಪದಲ್ಲಿ ಹಠಾತ್ತನೆ ಮೌನ. ಇದೂ ಹಾಡಿನದೇ ಒಂದು ಭಾಗವೆಂದು ತಿಳಿದ ಜನ ಕುರ್ಚಿ ಬಿಟ್ಟೆದ್ದು ಶಿಳ್ಳೆ ಹೊಡೆದರು.

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ತಾಯಿ ಕಸ್ತೂರೆಮ್ಮನ ಹೊಲಿಗೆ ಅಂಗಡಿ. ಅಪ್ಪ ಇವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ತಾಯಿಯ ಜೊತೆ ಸೋಮವಾರದ ಭಜನೆಗೆ ಹೋಗಿ ಕೂತು ಹಾಡಿ ಬೆಳೆದ ವಿಜಯಶ್ರೀ ಲಿಂಗಸುಗೂರಿನಲ್ಲಿ ಕಾಲೇಜು ಓದುವಾಗ ಗಿಟಾರು ಹಿಡಿದಳು. ಜಾಹೀದ್ ಅಲ್ಲಿ ಅವಳ ಸಹಪಾಠಿ. ಅವನ ತಂದೆ ಮಕ್ತುಮ್‌ಸಾಬ್ ಸಿಂಧನೂರಿನಲ್ಲಿ ಶಾಮಿಯಾನ ಮತ್ತು ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಿದ್ದರು. ಕಂಬ, ಪರದೆಗಳನ್ನು ತುಂಬಿಡಲು ಅವರು ಹಿಡಿದಿದ್ದ ಒಂದು ಮುಚ್ಚಿದ ಅಕ್ಕಿ ಗಿರಣಿಯಲ್ಲೇ ಇಬ್ಬರೂ ಮೊದಲ ಆಲ್ಬಂ ಧ್ವನಿಮುದ್ರಿಸಿದ್ದು. ಮದುವೆ ಮನೆಗಳಲ್ಲಿ ಊಟಕ್ಕೆ ಏಳಿರೆಂದು ಕೂಗಲು ಬಳಸುವ ಮೈಕು, ಪಕ್ಕದ ಗಿರಣಿಯ ಮೋಟಾರಿನ ಸದ್ದು, ಬಾಯೊಳಗೆಲ್ಲ ಹೊಟ್ಟಿನ ಧೂಳು. ಅದಕ್ಕೇ ಆಲ್ಬಂಗೆ 'ಹೊಟ್ಟು' ಎಂದೇ ಹೆಸರಿಟ್ಟರು.

ಲಿಂಗಸುಗೂರಿನ ವೀರೇಂದ್ರ ಅದನ್ನು ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕಿ 'ಮಣ್ಣಿನ ಹಸಿ ದನಿ' ಎಂದು ಬರೆದ. ಅವನು ವಯಸ್ಸಿನಲ್ಲಿ ಇವರಿಗಿಂತ ಹಿರಿಯ, ಸಂಗೀತದ ಹುಚ್ಚಿದ್ದವನು. ಕೈಯಿಂದ ಖರ್ಚು ಮಾಡಿ, ಸ್ಪೀಕರುಗಳನ್ನು ತಾನೇ ಹೊತ್ತು, ವರ್ಷಕ್ಕೊಮ್ಮೆ ಉತ್ಸವ ನಡೆಸುತ್ತಿದ್ದ. ಅವನಿಂದಾಗಿ ವಿಜಯಶ್ರೀಯ ಹೆಸರು ಹರಡಿತು. ಹೋದಲ್ಲೆಲ್ಲ ಜನ ಆ ಕೂಗನ್ನೇ ಕೇಳಿದರು. ಇವಳು ಕೂಗುತ್ತಲೇ ಹೋದಳು. ಬೆಳಗ್ಗೆ ಗಂಟಲಲ್ಲಿ ರಕ್ತದ ರುಚಿ ಬಂದರೆ ಬಿಸಿನೀರು ಕುಡಿದು ಸುಮ್ಮನಾಗುತ್ತಿದ್ದಳು.

ರಾಯಚೂರಿನ ವೈದ್ಯರು ದನಿಯ ತಂತುಗಳ ಮೇಲೆ ಗಂಟು ಬೆಳೆದಿದೆ ಎಂದರು. ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬಹಳ ಕಾಲ ಪಿಸುಮಾತನ್ನೂ ಆಡಬಾರದೆಂದು ಕಟ್ಟಪ್ಪಣೆ. ವಿಜಯಶ್ರೀ ತಾಯಿಯ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚಿದಳು, ಅಂಚು ಮಡಚಿದಳು. ಅಳತೆ ಕೊಡಲು ಬಂದ ಹೆಂಗಸರು ಮಾತಾಡಿಸಿ ಉತ್ತರ ಸಿಗದೆ, ಹೆಸರು ಬಂದ ಮೇಲೆ ಹುಡುಗಿಗೆ ಸೊಕ್ಕು ಬಂದಿದೆ ಎಂದುಕೊಂಡು ಹೋದರು. ರೋಗದ ಸುದ್ದಿ ಜಾಹೀದ್‌ಗೆ ಬಿಟ್ಟು ಯಾರಿಗೂ ಹೇಳಬೇಡವೆಂದು ಅವಳು ತಾಯಿಗೆ ಸನ್ನೆ ಮಾಡಿದ್ದಳು. ಕಸ್ತೂರೆಮ್ಮ ಹೇಳಲಿಲ್ಲ.

ಒಂದು ಮಧ್ಯಾಹ್ನ ತಾಯಿ ಮಗಳು ಉಂಡು ಕೂತಿದ್ದಾಗ ಎದುರಿನ ಮೊಬೈಲ್ ಅಂಗಡಿಯವನು 'ಹೊಟ್ಟು' ಆಲ್ಬಂನ 'ನೀರ ಹೆಸರು' ಹಚ್ಚಿದ. ವಿಜಯಶ್ರೀ ಮೊದಲ ಸಲ ಬೇರೆ ಯಾರದೋ ಹಾಡನ್ನು ಕೇಳುವ ಹಾಗೆ ಅದನ್ನು ಕೇಳಿದಳು. ಮಾತುಗಳೇ ಕೇಳಿಸುತ್ತಿರಲಿಲ್ಲ. ಬರೆದವಳು ತಾನು, ತನಗೇ ಎರಡನೆಯ ನುಡಿ ಹಿಡಿಯಲಾಗಲಿಲ್ಲ. ತಾಯಿಯೂ ತಲೆ ಆಡಿಸಿ, ಈ ಹಾಡಿನಲ್ಲಿ ಏನು ಹೇಳಿದ್ದೀಯೋ ಇವತ್ತಿಗೂ ತನಗೆ ತಿಳಿದಿಲ್ಲ ಅಂದಳು. ವಿಜಯಶ್ರೀ ಸೀಮೆಸುಣ್ಣ ತೆಗೆದುಕೊಂಡು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಬರೆದು ತೋರಿಸಿದಳು:

ಮ್ಯಾಲಿನ ತೂಬಿಗೆ ಕತ್ತಲ ಮೋಟಾರು,
ಕೆಳಗಿನ ತೂಬಿಗೆ ಬರೀ ಹುಕುಮು.
ನೀರು ನಮ್ಮೂರ ಹೆಸರು ಮರತೈತಿ,
ಮರೆಸಿದವರ ಹೆಸರು ನಾ ಬಲ್ಲೆ.

ಕಸ್ತೂರೆಮ್ಮನ ತವರು ಬಳಗಾನೂರಿನ ಆಚೆಗೆ, ಕಾಲುವೆ ಮುಗಿಯುವ ಕಡೆ. ಅಲ್ಲಿಯ ಗದ್ದೆಗಳ ಪಾಲಿನ ನೀರನ್ನು ಮೇಲಿನ ಊರುಗಳ ದೊಡ್ಡವರು ಕಾಲುವೆಗೆ ಮೋಟಾರು ಇಳಿಸಿ ಎತ್ತಿಕೊಳ್ಳುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕಸ್ತೂರೆಮ್ಮ ಆ ಸಾಲುಗಳನ್ನು ಎರಡು ಸಲ ಓದಿದಳು.

"ಇಷ್ಟು ಚಲೋ ಮಾತು ಒಳಗ ಇಟಕೊಂಡು, ಮ್ಯಾಲೆ ಯಾಕ ಒದರತಿದ್ದಿ?" ಎಂದು ಕೇಳಿದಳು.

ಆ ಪ್ರಶ್ನೆ ವಿಜಯಶ್ರೀಯ ಒಳಗೆ ಇಳಿದು ಕೂತಿತು.

ದನಿ ಮರಳಿದಾಗ ಅದು ಹಳೆಯ ದನಿಯಾಗಿರಲಿಲ್ಲ. ಮಗು ಅಕ್ಷರ ಕಲಿಯುವ ಹಾಗೆ ಅವಳು ಉಸಿರು ಹಿಡಿಯುವುದನ್ನು, ಬಿಡುವುದನ್ನು, 'ಅ' ಎನ್ನುವುದನ್ನು ಹೊಸದಾಗಿ ಕಲಿತಳು. ಇನ್ನೊಮ್ಮೆ ಹಾಗೆ ಕಿರುಚಿದರೆ ಮುಗಿಯಿತು ಎಂದು ವೈದ್ಯರು ಎಚ್ಚರಿಸಿದ್ದರು. ಆದರೆ ಹೆದರಿಕೆಯಿಂದಷ್ಟೇ ಅವಳು ಕೂಗು ಬಿಟ್ಟಳು ಎಂದರೆ ತಪ್ಪಾಗುತ್ತದೆ. ಹೊಸ ದನಿ ಅವಳಿಗೆ ಇಷ್ಟವಾಗಿತ್ತು. ಅದರಲ್ಲಿ ಒಂದೊಂದು ಅಕ್ಷರವೂ ಕಾಳಿನ ಹಾಗೆ ಬಿಡಿಬಿಡಿಯಾಗಿ ಬೀಳುತ್ತಿತ್ತು.

ಹೊಸ ಆಲ್ಬಂ ಅವರು ಹುಬ್ಬಳ್ಳಿಯ ಸ್ಟುಡಿಯೋ ಒಂದರಲ್ಲಿ ಮಾಡಿದರು. ಪಿಟೀಲು, ಹಾರ್ಮೋನಿಯಂ ಸೇರಿದವು. 'ನೀರ ಹೆಸರು' ಹಾಡನ್ನೂ ಮತ್ತೆ, ಮೆಲ್ಲಗೆ ಹಾಡಿದಳು. ಡ್ರಮ್ಮಿಗೆ ಕೋಲು ಬೇಡ, ಕುಂಚದ ಕಡ್ಡಿಯಿಂದ ಸವರಿದರೆ ಸಾಕೆಂದು ಜಾಹೀದ್‌ಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು. ಎರಡು ದಿನ ಹೇಗೋ ಬಾರಿಸಿ, ಮೂರನೆಯ ದಿನ ಹೊರಗೆ ಚಹಾದಂಗಡಿಯಲ್ಲಿ ಬಾಯಿಬಿಟ್ಟ.

"ಯಾರ್, ಇದು ನಮ್ಮದು ಅನಸವಲ್ದು. ನಮ್ಮದು ಅಂದ್ರ ಆ ಗಿರಣಿ, ಆ ಧೂಳು."

"ಆ ಧೂಳು ನಾವು ಬೇಡಿದ್ದಲ್ಲ ಜಾಹೀದ್. ನಮಗ ಬ್ಯಾರೆ ಜಾಗ ಸಿಗಲಿಲ್ಲ, ಅಷ್ಟ. ಸಿಕ್ಕಿದ್ರ ಅವತ್ತ ಹಿಂಗ ಮಾಡತಿದ್ವಿ."

ಅವನು ಸಿಟ್ಟಿನಿಂದ ಎದ್ದು ಬಸ್ ನಿಲ್ದಾಣದ ತನಕ ಹೋದ. ಸಂಜೆಗೆ ತಿರುಗಿ ಬಂದು, ಕುಂಚದ ಕಡ್ಡಿ ಕೈಗೆತ್ತಿಕೊಂಡು, ಮಳೆ ಹನಿ ತಗಡಿನ ಮೇಲೆ ಬೀಳುವಷ್ಟು ಹಗುರವಾಗಿ ಬಾರಿಸಿದ. ಹಾಗೆ ಬಾರಿಸುವುದು ಬಡಿಯುವುದಕ್ಕಿಂತ ಕಷ್ಟ ಎಂದು ಆಮೇಲೆ ಒಪ್ಪಿಕೊಂಡ. ಆ ಆಲ್ಬಂಗೆ 'ಕೊನೆಯ ತೂಬು' ಎಂದು ಹೆಸರಿಟ್ಟರು.

ವೀರೇಂದ್ರ ಅದನ್ನು ಲಿಂಗಸುಗೂರಿನ ತನ್ನ ಆಫೀಸಿನಲ್ಲಿ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಕಣ್ಣು ತೆರೆದಾಗ ಅವನಿಗೆ ನಿಜಕ್ಕೂ ದುಃಖವಾಗಿತ್ತು. ಬಹಳ ನುಣುಪಾಗಿದೆ, ಇದರಲ್ಲಿ ನೀನು ಕಾಣುತ್ತಿಲ್ಲ ಎಂದ. ಕಂಪ್ಯೂಟರಿನಲ್ಲಿ ಸ್ವಲ್ಪ ಗೊರಗೊರ ಸದ್ದು ಸೇರಿಸಬಹುದು, ಹಳೆಯ ಕೂಗನ್ನೇ ಕತ್ತರಿಸಿ ಇಲ್ಲಿ ಅಂಟಿಸಬಹುದು ಎಂದ. ಅವಳು ಒಪ್ಪಲಿಲ್ಲ. ಆಗ ಬೇರೆ ದಾರಿ ಇಲ್ಲದೆ, ಕೂಗು ಯಾಕಿಲ್ಲ ಎಂದು ಅವಳು ಅವನೊಬ್ಬನಿಗೆ ಹೇಳಿದಳು. ಕೇಳಿ ಅವನ ಕಣ್ಣು ಅರಳಿದವು. ಇದನ್ನೇ ಜನರಿಗೆ ಹೇಳೋಣ, ಗಂಟಲು ಕಳೆದುಕೊಂಡು ಗೆದ್ದುಬಂದವಳು ಎಂದರೆ ಎಲ್ಲರೂ ಕೇಳುತ್ತಾರೆ ಎಂದ.

"ಹಾಡು ಚಲೋ ಐತಿ ಅಂತ ಕೇಳಿದ್ರ ಕೇಳಲಿ, ವೀರೇಂದ್ರಣ್ಣ. ಪಾಪ ಅಂತ ಕೇಳೋದು ಬ್ಯಾಡ. ಆಸ್ಪತ್ರಿ ಚೀಟಿ ತೋರಿಸಿ ನಾ ಹಾಡು ಕೇಳಸಂಗಿಲ್ಲ," ಎಂದಳು.

ಆಲ್ಬಂ ಹೊರಬಂದ ವಾರದಲ್ಲೇ ಬೈಗುಳ ಶುರುವಾದವು. ಮದುವೆ ಮಂಟಪದ ಹಾಡು ಎಂದರು. ಎಮ್ಮೆಯ ಮೈ ತೊಳೆದು ಪೌಡರು ಹಚ್ಚಿದ್ದಾರೆ ಎಂದರು. 'ಹೊಟ್ಟು ಹೋಗಿ ಪಾಲಿಶ್ ಅಕ್ಕಿ ಬಂತು' ಎಂದು ಒಬ್ಬ ಬರೆದದ್ದು ಎಲ್ಲ ಕಡೆ ಓಡಾಡಿತು. ಅದಕ್ಕೊಂದಕ್ಕೇ ವಿಜಯಶ್ರೀ ಉತ್ತರ ಬರೆದಳು: ನಿಮ್ಮ ಮನ್ಯಾಗ ಊಟಕ್ಕ ಹೊಟ್ಟು ಬಡಸತಾರೇನು?

ಮಾತು ಖಾರವಾಗಿತ್ತು. ಆದರೆ ಆ ದಿನಗಳಲ್ಲಿ ಅವಳಿಗೆ ಊಟ ಸೇರುತ್ತಿರಲಿಲ್ಲ. ತನ್ನ ಹಾಡಿಗಾಗಿ ಬೈಕು ಓಡಿಸಿಕೊಂಡು ಬಂದಿದ್ದ ಹುಡುಗರೇ ಬೈದವರು. ತಾನು ಕಳೆದುಕೊಂಡದ್ದನ್ನೇ ಅವರು ಪ್ರೀತಿಸಿದ್ದರು ಎಂಬುದು ಅವಳನ್ನು ಕೊರೆಯುತ್ತಿತ್ತು.

ಇನ್ನೊಂದು ಕಡೆ, ಯಾರೂ ಎಣಿಸದಂಥದ್ದು ನಡೆಯಿತು. ಬಳಗಾನೂರಿನ ಕಡೆ ಟ್ರಾಕ್ಟರುಗಳಲ್ಲಿ 'ನೀರ ಹೆಸರು' ಕೇಳಿಬರತೊಡಗಿತು. ಸಸಿ ಹಚ್ಚುವ ಹೆಂಗಸರು ಅದರ ಸಾಲು ಹಿಡಿದು ಹಾಡಿಕೊಂಡರು. ಮಾತು ಕೇಳಿಸಿದ ಮೇಲೆ, ಮರೆಸಿದವರ ಹೆಸರು ಯಾವುದು ಎಂದು ಜನ ಒಬ್ಬರನ್ನೊಬ್ಬರು ಕೇಳಿ ನಕ್ಕರು. ಹಾಡಿನಲ್ಲಿ ಹೆಸರಿರಲಿಲ್ಲ. ಬೇಕೂ ಇರಲಿಲ್ಲ.

ಬಸವಂತರಾಯರು ವೀರೇಂದ್ರನ ಉತ್ಸವಕ್ಕೆ ಮೊದಲಿನಿಂದ ಆಸರೆಯಾಗಿದ್ದವರು. ಕಾಲುವೆಯ ಮೇಲಿನ ಊರಿನ ದೊಡ್ಡ ಜಮೀನುದಾರರು, ಬಾಯಿ ತುಂಬ ಮಾತಾಡುವವರು. 'ಹೊಟ್ಟು' ಬಂದಾಗ ನಮ್ಮ ಭಾಗದ ಹುಡುಗಿ ಎಂದು ಹೆಮ್ಮೆಪಟ್ಟು ವಿಜಯಶ್ರೀಗೆ ಶಾಲು ಹೊದಿಸಿದ್ದರು. ಈ ವರ್ಷದ ಉತ್ಸವಕ್ಕೆ ಕೆಲವು ದಿನ ಇರುವಾಗ ಅವರು ಅವಳನ್ನು ವೀರೇಂದ್ರನ ಆಫೀಸಿಗೆ ಕರೆಸಿದರು. ಜಾಹೀದ್ ಕೂಡ ಜೊತೆಗೆ ಹೋದ.

ರಾಯರು ಸಿಟ್ಟಾಗಲಿಲ್ಲ. ಚಹಾ ತರಿಸಿದರು, ತಾಯಿಯ ಆರೋಗ್ಯ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು: "ಆ ನೀರಿನ ಹಾಡು ನಾ ಮೊದಲಿಂದ ಕೇಳೀನವ್ವ. ಮೊದಲು ಎಷ್ಟು ಚಲೋ ಇತ್ತು. ಮೊದಲಿನಂಗ ಹಾಡಿಬಿಡು."

"ಮೊದಲೂ ಇವ ಮಾತಿದ್ವು ರೀ. ನಿಮಗ ಕೇಳಿಸಿರಲಿಲ್ಲ."

"ನನಗ ಕೇಳಿಸಿದ್ರ ಏನೂ ಇಲ್ಲವ್ವ. ಈಗ ಎಲ್ಲಾರಿಗೂ ಕೇಳಾಕತ್ತಾವು. ಅದಕ್ಕ ಹೇಳಾಕತ್ತೀನಿ."

ಹಾಡಿದರೆ ಹಳೆಯ ರೀತಿ ಹಾಡಬೇಕು, ಇಲ್ಲವಾದರೆ ಆ ಹಾಡು ಬಿಡಬೇಕು ಎಂದು ಹೇಳಿ ಅವರು ಕಾರು ಹತ್ತಿದರು. ವೀರೇಂದ್ರ ವಿಜಯಶ್ರೀಯನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದ. ಇಷ್ಟು ವರ್ಷ ಕಟ್ಟಿದ ಉತ್ಸವ ಬಿದ್ದುಹೋಗುತ್ತದೆ ಎಂದು ಗೋಗರೆದ. ಜನ ಕೇಳುವುದೂ ಅದನ್ನೇ, ರಾಯರು ಕೇಳುವುದೂ ಅದನ್ನೇ, ಒಂದೇ ಒಂದು ಹಾಡಿಗೆ ಒದರಿಬಿಟ್ಟರೆ ಎಲ್ಲರ ಮಾತೂ ಉಳಿಯುತ್ತದೆ ಎಂದ. ಅವಳ ಗಂಟಲಿನ ವಿಷಯ ಗೊತ್ತಿದ್ದೂ ಹಾಗೆಂದ.

"ನನ್ನ ಗಂಟಲ ಹರದು ಅವರ ಮಾನ ಮುಚ್ಚಬೇಕೇನಣ್ಣ?" ಎಂದು ಕೇಳಿದಳು ವಿಜಯಶ್ರೀ.

ವೀರೇಂದ್ರ ತಲೆ ತಗ್ಗಿಸಿದ. ಆದರೂ, ಯೋಚನೆ ಮಾಡು ಎಂದ. ಅವಳ ಹೆಸರು ಅದಾಗಲೇ ಪೋಸ್ಟರಿನಲ್ಲಿ ಅಚ್ಚಾಗಿತ್ತು. ಕೈಬಿಟ್ಟರೆ ಜನ ಕಾರಣ ಕೇಳುತ್ತಾರೆಂದು ಅವನೂ ಅಂಜಿದ. ಹಿಂದೆ ಸರಿಯಲು ಅವಳು ತಯಾರಿರಲಿಲ್ಲ.

ಮಸ್ಕಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಜಾಹೀದ್‌ನ ಮನೆಯ ಚಿಂತೆ ಹತ್ತಿತು. ಧೈರ್ಯದ ಮಾತು ಆಡಿದ ಮೇಲೆ ಬರುವ ಹೆದರಿಕೆ ಅದು. ಮೇಲಿನ ಊರುಗಳ ಮದುವೆಗಳಿಗೆಲ್ಲ ಜಾಹೀದ್‌ನ ಮನೆಯ ಶಾಮಿಯಾನವೇ ಹೋಗುತ್ತಿತ್ತು. ರಾಯರು ಬೆರಳಾಡಿಸಿದರೆ ಸಾಕು, ಅದು ನಿಂತುಹೋಗುತ್ತಿತ್ತು. ಬೇಕಿದ್ದರೆ ಆವತ್ತು ನೀನು ಬಾರಿಸಬೇಡ, ನಾನೊಬ್ಬಳೇ ಹಾಡುತ್ತೇನೆ ಎಂದು ಅವಳು ಅವನಿಗೆ ಹೇಳಿದಳು. ಅಬ್ಬಾನನ್ನು ಕೇಳಿ ಹೇಳುತ್ತೇನೆ ಎಂದು ಜಾಹೀದ್ ಸಿಂಧನೂರಿನ ಬಸ್ಸು ಹಿಡಿದ.

ಮಕ್ತುಮ್‌ಸಾಬರು ಮಗನ ಮಾತನ್ನು ಪೂರ್ತಿ ಕೇಳಿದರಂತೆ. ಆಮೇಲೆ, ಉತ್ಸವಕ್ಕೆ ಹೋಗುವ ನಮ್ಮ ಸೌಂಡಿನ ಮುಂದೆ ಬೇರೆ ಯಾರನ್ನೂ ಕೂರಿಸಬೇಡ, ನಾನೇ ಬಂದು ಕೂರುತ್ತೇನೆ ಎಂದರಂತೆ.

ಉತ್ಸವ ನಡೆದದ್ದು ಲಿಂಗಸುಗೂರಿನ ಒಂದು ಉದ್ದನೆಯ ಸಭಾಭವನದಲ್ಲಿ. ಮುಂದಿನ ಸಾಲಿನ ನಡುವೆ ಬಸವಂತರಾಯರು, ಅವರ ಎರಡೂ ಬದಿಗೆ ಅವರ ಊರಿನವರು. ಹಿಂದೆ ಕಾಲೇಜು ಹುಡುಗರು. ಬಳಗಾನೂರಿನ ಕಡೆಯಿಂದ ಟೆಂಪೊ ಮಾಡಿಕೊಂಡು ಬಂದವರು ಗೋಡೆಯ ಪಕ್ಕ ನಿಂತಿದ್ದರು. ಕಸ್ತೂರೆಮ್ಮ ಅವರ ನಡುವೆ ಇದ್ದಳು. ಮಗಳ ಕಾರ್ಯಕ್ರಮಕ್ಕೆ ಅವಳು ಬಂದದ್ದು ಅದೇ ಮೊದಲು.

ವಿಜಯಶ್ರೀ ಹೊಸ ಹಾಡುಗಳನ್ನು ಒಂದರ ಹಿಂದೆ ಒಂದು ಹಾಡಿದಳು. ಹುಡುಗರಿಗೆ ಬೇಸರ ಬಂತು. ಹಿಂದಿನಿಂದ 'ಹೊಟ್ಟು, ಹೊಟ್ಟು' ಎಂದು ಕೂಗು ಎದ್ದಿತು. ಕೆಲವರು ಎದ್ದು ಹೊರಗೆ ಹೋದರು. ಅವಳು ಹಿಂದೆ ತಿರುಗಿ ಜಾಹೀದ್‌ನನ್ನು ನೋಡಿದಳು. ಅವನು ಕುಂಚದ ಕಡ್ಡಿಗಳನ್ನು ಎತ್ತಿ ತೋರಿಸಿದ.

'ನೀರ ಹೆಸರು' ಶುರುವಾಯಿತು. ಕೂಗು ಬರುತ್ತದೆಂದು ಹುಡುಗರು ಮುಂದಕ್ಕೆ ನುಗ್ಗಿದರು. ಬರಲಿಲ್ಲ. ಪಿಟೀಲಿನ ಒಂದು ಎಳೆಯ ಮೇಲೆ, ಮನೆಯಲ್ಲಿ ಕೂತು ಮಾತಾಡುವಷ್ಟು ಸಲೀಸಾಗಿ ಅವಳು ಮ್ಯಾಲಿನ ತೂಬು, ಕೆಳಗಿನ ತೂಬು ಎಂದು ಹಾಡಿದಳು. ಹಾಡಿನ ಎರಡನೆಯ ಸಾಲಿಗೆ ಬಸವಂತರಾಯರು ಎದ್ದು ನಿಂತರು. ಅವರ ಹಿಂದೆ ಅವರ ಊರಿನವರೂ ಎದ್ದರು. ಅದೇ ಹೊತ್ತಿಗೆ ಹಿಂದಿನಿಂದ ಒಬ್ಬ, ಒದರು, ಒದರು ಎಂದು ಚೀರಿದ.

ವಿಜಯಶ್ರೀ ಕೈ ಎತ್ತಿ ವಾದ್ಯ ನಿಲ್ಲಿಸಿದಳು.

"ನಾ ಒದರಿದ್ರ ನಿಮಗ ಖುಷಿ," ಎಂದಳು ಆ ಹುಡುಗನ ಕಡೆ ನೋಡಿ. ಆಮೇಲೆ ಮುಂದಿನ ಸಾಲಿನ ಕಡೆ ತಿರುಗಿದಳು. "ಇವರಿಗೂ ಖುಷಿ. ಒದರಿದ್ರ ಮಾತು ಕೇಳಂಗಿಲ್ಲ ನೋಡ್ರಿ. ಅದಕ್ಕ ಇನ್ಮ್ಯಾಲೆ ಒದರಂಗಿಲ್ಲ."

ಹಾಡನ್ನು ಮೊದಲಿನಿಂದ, ಇನ್ನೂ ನಿಧಾನವಾಗಿ ಎತ್ತಿಕೊಂಡಳು.

ಬಸವಂತರಾಯರು ಆಗ ನಡುದಾರಿಯಲ್ಲಿದ್ದರು. ಮತ್ತೆ ಕೂರುವಂತಿರಲಿಲ್ಲ. ಬಾಗಿಲು ದೂರವಿತ್ತು. ಮಕ್ತುಮ್‌ಸಾಬರು ಸೌಂಡಿನ ಗುಂಡಿಗೆ ಕೈಹಾಕಿ ದನಿಯನ್ನು ಸ್ವಲ್ಪ ಏರಿಸಿದರು, ಅಷ್ಟೇ. ಒಂದೊಂದು ಮಾತೂ ತಮ್ಮ ಬೆನ್ನಿಗೆ ಬೀಳುತ್ತಿದ್ದಂತೆ ರಾಯರು ಆ ಉದ್ದನೆಯ ಭವನವನ್ನು ನಡೆದು ದಾಟಿದರು. ಚೀರಿದ ಹುಡುಗರು ಒಮ್ಮೆ ಅವಳನ್ನು, ಒಮ್ಮೆ ಅವರನ್ನು ನೋಡಿದರು. ಮಾತು ಈಗ ಅವರ ಕಿವಿಗೂ ಬಿದ್ದಿತ್ತು. ಒಬ್ಬನೂ ಮತ್ತೆ ಕೂಗಲಿಲ್ಲ. ಮರೆಸಿದವರ ಹೆಸರು ನಾ ಬಲ್ಲೆ ಎಂಬ ಸಾಲು ಬರುವಾಗ ರಾಯರ ಕೈ ಬಾಗಿಲ ಮೇಲಿತ್ತು. ಗೋಡೆಯ ಪಕ್ಕ ನಿಂತಿದ್ದ ಹೆಂಗಸೊಬ್ಬಳು, "ನಾವೂ ಬಲ್ಲೇವಿ," ಎಂದಳು. ಕಿರುಚಲಿಲ್ಲ, ಸುಮ್ಮನೆ ಎಲ್ಲರಿಗೂ ಕೇಳುವಂತೆ ಹೇಳಿದಳು.

ಹಾಡು ಮುಗಿದಾಗ ಅರ್ಧ ಭವನ ಖಾಲಿಯಾಗಿತ್ತು. ಉಳಿದವರ ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಅದರ ಬೆಲೆ ತೆರಬೇಕಾಯಿತು. ವೀರೇಂದ್ರನ ಉತ್ಸವ ಮುಂದೆ ನಡೆಯಲಿಲ್ಲ. ಅವನು 'ಕೊನೆಯ ತೂಬು' ಆಲ್ಬಂ ಅನ್ನು ತನ್ನ ಚಾನೆಲ್ಲಿನಿಂದ ತೆಗೆದ, 'ಹೊಟ್ಟು' ಮಾತ್ರ ಉಳಿಸಿಕೊಂಡ. ಮೇಲಿನ ಊರುಗಳ ಮದುವೆಗಳಿಗೆ ಬೇರೆಯವರ ಶಾಮಿಯಾನ ಹೋಗತೊಡಗಿತು. ಆ ಮದುವೆಯ ಸುಗ್ಗಿಯಲ್ಲಿ ಮಕ್ತುಮ್‌ಸಾಬರ ಅಂಗಡಿಯ ಮುಂದೆ ಕಂಬಗಳು ಪೇರಿಸಿದಂತೆಯೇ ಬಿದ್ದಿದ್ದವು. ಜಾಹೀದ್ ಗೊರೇಬಾಳ, ಗುರುಗುಂಟಾದ ತನಕ ತಿರುಗಿ ಹೊಸ ಗಿರಾಕಿಗಳನ್ನು ಹುಡುಕಿದ. ಅವನಾಗಲಿ ಅವನ ತಂದೆಯಾಗಲಿ ಅವಳ ಮುಂದೆ ಈ ವಿಷಯ ತೆಗೆಯಲಿಲ್ಲ. ಬೇಕೆಂದೇ ತೆಗೆಯದೆ ಇದ್ದದ್ದು ಅವಳಿಗೆ ಗೊತ್ತಿತ್ತು.

ಮೋಟಾರುಗಳೂ ನಿಲ್ಲಲಿಲ್ಲ. ಒಂದು ಹಾಡಿಗೆ ಕಾಲುವೆಯ ನೀರು ದಾರಿ ಬದಲಿಸುವುದಿಲ್ಲ. ಆದರೆ ಮುಂದಿನ ಬೆಳೆಗೆ ಕೆಳಗಿನ ಊರುಗಳವರು ಮೊದಲ ಸಲ ಒಟ್ಟಾಗಿ ಮಸ್ಕಿಯ ರಸ್ತೆಗೆ ಬಂದು ಕೂತರು. ವಿಜಯಶ್ರೀಯನ್ನು ಕರೆದರು. ಅವಳು ಹಾರ್ಮೋನಿಯಂ ಒಂದನ್ನೇ ಇಟ್ಟುಕೊಂಡು ಹಾಡಲು ಕೂತಳು. ಮೊದಲ ನುಡಿ ಮುಗಿಯುವ ಮೊದಲೇ ಜನ ಹಾಡನ್ನು ಅವಳ ಕೈಯಿಂದ ತೆಗೆದುಕೊಂಡರು. ಹಾಡಿನಲ್ಲಿರದ ಹೆಸರನ್ನೂ ತಾವೇ ಸೇರಿಸಿ ಹಾಡಿದರು. ಬೆರಳು ನಿಲ್ಲಿಸದೆ ಅವಳು ಸುಮ್ಮನೆ ಕೇಳುತ್ತ ಕೂತಳು.

ಗುಂಪಿನ ಅಂಚಿನಲ್ಲಿ ವೀರೇಂದ್ರ ನಿಂತಿದ್ದ. ಎಲ್ಲ ಮುಗಿದ ಮೇಲೆ ಹತ್ತಿರ ಬಂದು, ಹೇಗಿದ್ದೀಯ ಎಂದ. ಮತ್ತೆ ಆಲ್ಬಂ ಮಾಡುತ್ತೀಯಾ ಎಂದು ಕೇಳಿದ. ಹೌದು, ಹುಬ್ಬಳ್ಳಿಗೆ ಹೊರಟಿದ್ದೇವೆ ಎಂದಳು. ಅವನು ತಡೆದು ತಡೆದು, ಈ ಸಲವಾದರೂ ಸ್ವಲ್ಪ ಹಳೆಯ ಹಸಿತನ ಇಟ್ಟುಕೊ ಎಂದ. ಅವನ ದನಿಯಲ್ಲಿ ಈಗಲೂ ಪ್ರೀತಿಯಿತ್ತು. ಅದಕ್ಕೇ ಅವಳಿಗೆ ಸಿಟ್ಟು ಬರಲಿಲ್ಲ.

"ಇಲ್ಲಣ್ಣ," ಎಂದಳು. "ಇದು ಇನ್ನೂ ತಿಳಿ ಇರತೈತಿ."

ಹೊರಡಲು ಹೊತ್ತಾಗಿತ್ತು. ರಸ್ತೆಯ ತಡೆ ತೆಗೆದು ಬಸ್ಸುಗಳನ್ನು ಬಿಡತೊಡಗಿದ್ದರು. ಜಾಹೀದ್ ಹಾರ್ಮೋನಿಯಂ ಹೆಗಲಿಗೇರಿಸಿಕೊಂಡ, ಅವಳು ಹುಬ್ಬಳ್ಳಿಗೆಂದು ತಂದಿದ್ದ ಗಿಟಾರು ತೆಗೆದುಕೊಂಡಳು. ನಿಂತವರು ಸರಿದು ಇಬ್ಬರಿಗೂ ದಾರಿ ಬಿಟ್ಟರು.